ಪಟದಲ್ಲಿ ಕಂಡ ಗಾಯ, ಅಂಗೈಯಲ್ಲಿ ಮೂಡಿದ ಗಾಯ

ಹೋದ ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳಲ್ಲಿ, ಒಂದು ಸಂಜೆ ಪಕ್ಕದ ಮನೆಯ ಬಾಯಮ್ಮ ಫೋನ್ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ವಾಟ್ಸಾಪ್‌ನಲ್ಲಿ ಬಂದ ಒಂದು ವಿಡಿಯೋ. ಯಾವ ಊರಿನದ್ದು, ಯಾವಾಗಿನದ್ದು ಎಂದು ಅದರಲ್ಲಿ ಇರಲಿಲ್ಲ. ಹದಿನೇಳು ಹದಿನೆಂಟರ ಹುಡುಗಿಯೊಬ್ಬಳು ಎರಡೂ ಅಂಗೈ ಮೇಲೆ ಮಾಡಿ ಕೂತಿದ್ದಾಳೆ. ಅಂಗೈ ನಡುವೆ ರಕ್ತ. ಹಿಂದಿನಿಂದ ಜಪಸರ ಹೇಳುವ ದನಿ. ನಲವತ್ತು ಸೆಕೆಂಡಿಗೆ ಮುಗಿಯುತ್ತದೆ.

"ಇದು ನಿಜವಾ ಮಗಾ?" ಎಂದು ಬಾಯಮ್ಮ ಕೇಳಿದರು.

ತಕ್ಷಣ ಉತ್ತರ ಹೇಳಲು ನನಗೆ ಆಗಲಿಲ್ಲ. ಆ ಒಂದು ಪ್ರಶ್ನೆಯ ಒಳಗೆ ಮೂರು ಪ್ರಶ್ನೆ ಇವೆ. ಅದು ರಕ್ತವೇನಾ? ರಕ್ತವೇ ಆದರೆ ತಾನಾಗಿ ಬಂತಾ, ಯಾರಾದರೂ ಬರಿಸಿದ್ದಾ? ತಾನಾಗಿ ಬಂದಿದ್ದರೆ ಅದು ದೇವರು ಕೊಟ್ಟಿದ್ದಾ? ನಮ್ಮಲ್ಲಿ ಕೆಲವರು ಮೊದಲನೆಯದಕ್ಕೆ ಹೌದು ಅಂದ ಕೂಡಲೇ ಮೂರನೆಯದಕ್ಕೂ ಹೌದು ಅಂದುಬಿಡುತ್ತಾರೆ. ಇನ್ನು ಕೆಲವರು ಎರಡನೆಯದರಲ್ಲಿ ಸ್ವಲ್ಪ ಅನುಮಾನ ಬಂದರೆ ಸಾಕು, 'ಎಲ್ಲಾ ಮೋಸ' ಎಂದು ಎದ್ದು ಹೋಗುತ್ತಾರೆ. ಭಕ್ತರ ಮೈಮೇಲೆ ಯೇಸುವಿನ ಗಾಯಗಳು ಮೂಡುವ ಎಂಟು ನೂರು ವರ್ಷದ ಈ ಕತೆ ಅಷ್ಟು ಬೇಗ ಕೈಗೆ ಸಿಗುವುದಿಲ್ಲ.

ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚನ್ನು ಈ ಭಾಗದಲ್ಲಿ ನೋಡದವರು ಕಡಿಮೆ. ಆ ಹೆಸರಿನ ಯೇಸುವಿನ ಪಟವೂ ಮಲೆನಾಡಿನ ಕ್ರೈಸ್ತರ ಮನೆಮನೆಯಲ್ಲಿದೆ. ಎದೆಯ ಮೇಲೆ ಮುಳ್ಳು ಸುತ್ತಿದ ಹೃದಯ. ಎತ್ತಿದ ಕೈಯ ಅಂಗೈ ನಡುವೆ ಮೊಳೆಯ ಕೆಂಪು ಗುರುತು. ಈ ಪಟವನ್ನು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

ಯೇಸುವನ್ನು ಶಿಲುಬೆಗೆ ಹಾಕಿದಾಗ ಆದ ಗಾಯಗಳಂಥವೇ ಒಬ್ಬ ಭಕ್ತರ ಮೈಮೇಲೆ ಕಾಣಿಸಿಕೊಂಡರೆ ಅದನ್ನು 'ಸ್ಟಿಗ್ಮಾಟಾ' ಅನ್ನುತ್ತಾರೆ. ನಮ್ಮ ಕಡೆ ಚರ್ಚಿನ ಮಾತಿನಲ್ಲಿ 'ಪಂಚಗಾಯ'. ಎರಡು ಕೈ, ಎರಡು ಕಾಲು, ಒಂದು ಪಕ್ಕೆ. ಸ್ಟಿಗ್ಮಾ ಎಂಬುದು ಗ್ರೀಕ್ ಪದ. ಬರೆ, ಹಚ್ಚೆ, ಮೈಮೇಲಿನ ಗುರುತು ಎಂದು ಅರ್ಥ. ಗುಲಾಮ ಯಾರವನು ಎಂದು ತಿಳಿಯಲು ಅಂಥ ಗುರುತು ಹಾಕುತ್ತಿದ್ದರು. ಗಲಾತ್ಯದವರಿಗೆ ಬರೆದ ಪತ್ರದ ಕೊನೆಯಲ್ಲಿ ಸಂತ ಪೌಲ, ಯೇಸುವಿನ ಗುರುತುಗಳು ನನ್ನ ಮೈಮೇಲಿವೆ ಎನ್ನುವಾಗ ಬಳಸಿದ್ದು ಇದೇ ಪದವನ್ನು. ಅವನು ಹೇಳಿದ್ದು ಬಹುಶಃ ಸುವಾರ್ತೆಗಾಗಿ ತಿಂದ ಚಾಟಿಯೇಟು, ಕಲ್ಲೇಟುಗಳ ಕಲೆಗಳನ್ನು. ಪ್ರಥಮ ಏಕಾದಶಿಯ ದಿನ ಮಾಧ್ವರು ಮಠದಲ್ಲಿ ತೋಳಿಗೆ ಶಂಖ ಚಕ್ರದ ತಪ್ತಮುದ್ರೆ ಹಾಕಿಸಿಕೊಳ್ಳುವುದನ್ನು ಕಂಡವರಿಗೆ ಪೌಲನ ಮಾತು ಬೇಗ ಅರ್ಥವಾಗುತ್ತದೆ. ನಾನು ಇವನವನು ಎಂದು ಮೈಯಿಂದಲೇ ಹೇಳುವ ಆಸೆ ಅದು.

ಯೇಸು ಸತ್ತ ಮೇಲೆ ಸುಮಾರು ಸಾವಿರದ ಇನ್ನೂರು ವರ್ಷ ಈ ಪಂಚಗಾಯ ಮೂಡಿದ ಸಂತರ ಕತೆಗಳು ಸಿಗುವುದಿಲ್ಲ. ಹುತಾತ್ಮರಿದ್ದರು, ಮರುಭೂಮಿಯಲ್ಲಿ ತಪಸ್ಸು ಮಾಡಿದವರಿದ್ದರು, ಪವಾಡಗಳ ಕತೆಗಳಿಗಂತೂ ಬರವಿರಲಿಲ್ಲ. ಆದರೆ ಅಂಗೈಯಲ್ಲಿ ಮೊಳೆಯ ಗಾಯ ಮಾತ್ರ ಇಲ್ಲ. ಯಾಕೆ?

ಆ ಕಾಲದ ಶಿಲುಬೆಗಳನ್ನು ನೋಡಿದರೆ ಒಂದು ಸುಳಿವು ಸಿಗುತ್ತದೆ. ಹಳೆಯ ಶಿಲುಬೆಗಳ ಮೇಲೆ ಯೇಸು ನೆಟ್ಟಗೆ ನಿಂತಿದ್ದಾನೆ, ಕಣ್ಣು ತೆರೆದಿದೆ. ಸಾವನ್ನು ಗೆದ್ದ ರಾಜ ಅವನು. ಹನ್ನೊಂದು, ಹನ್ನೆರಡನೇ ಶತಮಾನ ದಾಟುತ್ತಾ ಯುರೋಪಿನ ಭಕ್ತಿ ಬೇರೆ ಕಡೆ ಹೊರಳಿತು. ತಲೆ ವಾಲಿತು, ಕಣ್ಣು ಮುಚ್ಚಿತು, ಪಕ್ಕೆಯಿಂದ ರಕ್ತ ಇಳಿಯತೊಡಗಿತು. ಜನರಿಗೆ ಗೆದ್ದ ದೇವರಿಗಿಂತ ನೊಂದ ದೇವರು ಹತ್ತಿರವಾದ. ಅವನನ್ನು ಬೇಡುವುದಷ್ಟೇ ಸಾಲದು, ಅವನ ನೋವಿನಲ್ಲಿ ನನಗೂ ಪಾಲು ಬೇಕು ಎಂಬ ಹಂಬಲ ಹುಟ್ಟಿತು.

ಆ ಹಂಬಲಕ್ಕೆ ಮೈ ಕೊಟ್ಟವರು ಅಸಿಸಿಯ ಫ್ರಾನ್ಸಿಸ್. ಕ್ರಿಸ್ಮಸ್‌ಗೆ ನಮ್ಮ ಮನೆಗಳಲ್ಲಿ ಗೋದಲಿ ಮಾಡುತ್ತೇವಲ್ಲ, ಆ ರೂಢಿಯ ಮೂಲವನ್ನು ಜನ ಗುರುತಿಸುವುದು ಇವರಲ್ಲೇ. 1223ರ ಕ್ರಿಸ್ಮಸ್ ರಾತ್ರಿ ಗ್ರೆಚ್ಚೊ ಎಂಬ ಊರಿನಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲು ತಂದು ಬೆತ್ಲೆಹೇಮನ್ನು ಕಣ್ಣಮುಂದೆ ನಿಲ್ಲಿಸಿದರು. ಓದಿ ಕೇಳಿದ್ದನ್ನು ಕಣ್ಣಿಂದ ನೋಡಬೇಕು, ಕೈಯಿಂದ ಮುಟ್ಟಬೇಕು ಎಂಬುದು ಅವರ ಸ್ವಭಾವ. ಒಂಬತ್ತು ತಿಂಗಳ ನಂತರ, 1224ರ ಸೆಪ್ಟೆಂಬರಿನಲ್ಲಿ, ಅವರು ಲಾ ವೆರ್ನಾ ಬೆಟ್ಟದಲ್ಲಿ ಉಪವಾಸ ಕೂತಿದ್ದರು. ಇಟಲಿಯ ಟಸ್ಕನಿ ಪ್ರಾಂತ್ಯದ ಬೆಟ್ಟ ಅದು. ಬಂಡೆ, ಗುಹೆ, ದಟ್ಟ ಕಾಡು. ಎತ್ತರದಲ್ಲಿ ನಮ್ಮ ಕೊಡಚಾದ್ರಿಗಿಂತ ಸ್ವಲ್ಪ ಕಡಿಮೆ. ಶಿಲುಬೆಯ ಹಬ್ಬದ ಹೊತ್ತಿಗೆ ಅವರಿಗೆ ಆರು ರೆಕ್ಕೆಯ ದೇವದೂತನೊಬ್ಬ ಶಿಲುಬೆಗೆ ಬಿಗಿದ ರೂಪದಲ್ಲಿ ಕಂಡ. ಆ ದರ್ಶನ ಕರಗಿದ ಮೇಲೆ ಕೈಕಾಲುಗಳಲ್ಲಿ ಗುರುತು ಮೂಡಿತ್ತು ಎನ್ನುತ್ತಾರೆ ಅವರ ಚರಿತ್ರೆ ಬರೆದವರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಫ್ರಾನ್ಸಿಸರ ಮೊದಲ ಚರಿತ್ರೆ ಬರೆದ ಚೆಲಾನೊದ ಥಾಮಸ್ ಹೇಳುವುದು ರಕ್ತ ಸುರಿಯುವ ತೂತುಗಳ ವಿಷಯವಲ್ಲ. ಕೈಕಾಲಿನಲ್ಲಿ ಮಾಂಸವೇ ಮೊಳೆಯ ತಲೆಯಂತೆ ಎದ್ದು ನಿಂತಿತ್ತು, ಕಬ್ಬಿಣದಂತೆ ಕಪ್ಪಗಿತ್ತು ಎನ್ನುತ್ತಾನೆ. ರಕ್ತ ಬರುತ್ತಿದ್ದುದು ಪಕ್ಕೆಯ ಗಾಯದಿಂದ. ಅಂದರೆ ಇಂದು ನಾವು ವಿಡಿಯೋದಲ್ಲಿ ನೋಡುವ ರೂಪಕ್ಕೂ ಮೊದಲನೆಯ ರೂಪಕ್ಕೂ ಹೋಲಿಕೆ ಕಡಿಮೆ. ಬೆಟ್ಟದಲ್ಲಿ ಜೊತೆಗಿದ್ದ ಸಹೋದರ ಲಿಯೋ ಒಂದು ತೊಗಲಿನ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ಈ ಘಟನೆಯ ಬಗ್ಗೆ ನಾಲ್ಕು ಸಾಲು ಬರೆದಿಟ್ಟ. ಆ ಹಾಳೆಯಲ್ಲಿ ಫ್ರಾನ್ಸಿಸರ ಸ್ವಂತ ಕೈಬರಹವೂ ಇದೆ. ಇಂದಿಗೂ ಅಸಿಸಿಯಲ್ಲಿದೆ. ಎಂಟು ನೂರು ವರ್ಷದ ಹಿಂದಿನ ಘಟನೆಗೆ ಪಕ್ಕದಲ್ಲೇ ಇದ್ದವನ ಕೈಬರಹ ಸಿಗುವುದು ಸಣ್ಣ ಮಾತಲ್ಲ.

ಹಾಗಾದರೆ ಅದು ದೇವರ ಕೆಲಸವೇ? ಆ ಕೊನೆಯ ವರ್ಷಗಳಲ್ಲಿ ಫ್ರಾನ್ಸಿಸರ ಮೈ ರೋಗಗಳ ಗೂಡಾಗಿತ್ತು. 1219ರಲ್ಲಿ ಈಜಿಪ್ಟಿಗೆ ಹೋಗಿ ಸುಲ್ತಾನನನ್ನು ಕಂಡು ಬಂದವರಿಗೆ ಕಣ್ಣಿನ ಕಾಯಿಲೆ ಕೊನೆವರೆಗೂ ಬಿಡಲಿಲ್ಲ. ಯೌವನದಿಂದ ಕುಷ್ಠರೋಗಿಗಳ ಸೇವೆ ಮಾಡಿದವರು. ಆ ಗುರುತುಗಳು ಕುಷ್ಠದಿಂದಲೇ ಆಗಿರಬಹುದು ಎಂದು ವಾದಿಸಿದ ವಿದ್ವಾಂಸರಿದ್ದಾರೆ. ನನಗೆ ಆ ವಾದ ಓದಿದಾಗ ಫ್ರಾನ್ಸಿಸ್ ಚಿಕ್ಕವರಾಗಿ ಕಾಣಲಿಲ್ಲ. ಯಾರೂ ಮುಟ್ಟದವರನ್ನು ಮುಟ್ಟಿ ಅವರ ಗಾಯವನ್ನೇ ತನ್ನ ಮೈಗೆ ತಂದುಕೊಂಡಿದ್ದರೆ, ಅದಕ್ಕಿಂತ ದೊಡ್ಡ ಪಂಚಗಾಯ ಇನ್ನೇನಿದೆ? ಅವರು ತೀರಿಕೊಂಡಿದ್ದು 1226ರ ಅಕ್ಟೋಬರಿನಲ್ಲಿ. ಬದುಕಿದ್ದ ಆ ಎರಡು ವರ್ಷವೂ ಕೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡೇ ಓಡಾಡಿದರು.

ಅನುಮಾನ ಪಡುವುದು ಈಗಿನ ಕಾಲದ ಖಯಾಲಿ ಎಂದುಕೊಂಡರೆ ತಪ್ಪು. ಫ್ರಾನ್ಸಿಸರಿಗಿಂತ ಎರಡು ವರ್ಷ ಮೊದಲು, 1222ರಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಧರ್ಮಸಭೆಯ ಮುಂದೆ ಐದು ಗಾಯ ಮಾಡಿಕೊಂಡ ಒಬ್ಬನನ್ನು ತಂದು ನಿಲ್ಲಿಸಿ ಶಿಕ್ಷೆ ಕೊಟ್ಟಿದ್ದರು. 1588ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಹೆಸರು ಮಾಡಿದ್ದ ಒಬ್ಬ ಸನ್ಯಾಸಿನಿಯ ಗಾಯಗಳನ್ನು ಚರ್ಚಿನ ವಿಚಾರಣಾಧಿಕಾರಿಗಳು ಸೋಪು ನೀರು ಹಾಕಿ ತಿಕ್ಕಿ ನೋಡಿದರು. ಬಣ್ಣ ಬಿಟ್ಟುಹೋಯಿತು. ಕೈ ತಿಕ್ಕಿಸಿದ್ದು ನಾಸ್ತಿಕರಲ್ಲ, ಚರ್ಚೇ.

ಮೈಮೇಲೆ ಗುರುತು ಬರಿಸುವುದು ಎಷ್ಟು ಸುಲಭ ಎಂದು ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಕಾಡಿನ ಕೇರುಬೀಜದ ರಸ ತಾಗಿದರೆ ಸಾಕು, ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಕಪ್ಪು ಕಲೆ ನಿಲ್ಲುತ್ತದೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದುದು ಅದರಲ್ಲೇ. ಸುಳ್ಳು ಹೊಡೆದಾಟದ ಕೇಸು ಹಾಕಲು ಕೇರಿನ ರಸ ಹಚ್ಚಿಕೊಂಡು ಬರುವವರಿರುತ್ತಾರೆ ಎಂದು ನಮ್ಮ ದೇಶದ ನ್ಯಾಯವೈದ್ಯಕೀಯ ಪಠ್ಯಗಳಲ್ಲೇ ಬರೆದಿದೆ. ಇನ್ನು ರಕ್ತ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದಾಗ ಇಂಬಳ ಕಚ್ಚಿದ ಜಾಗ ನೋಡಿ. ಅದರ ಎಂಜಲಿನಿಂದ ರಕ್ತ ಹೆಪ್ಪುಗಟ್ಟುವುದಿಲ್ಲ. ಚಿಟಿಕೆಯಷ್ಟು ಗಾಯಕ್ಕೆ ಇಡೀ ಕಾಲು ಕೆಂಪು. ನೋಡಿದವರಿಗೆ ಏನಾಯ್ತಪ್ಪಾ ಅನಿಸಬೇಕು. ಕಣ್ಣಿಗೆ ಕಂಡ ರಕ್ತ ಗಾಯದ ಆಳವನ್ನೂ ಹೇಳುವುದಿಲ್ಲ, ಅದು ಎಲ್ಲಿಂದ ಬಂತು ಎಂದೂ ಹೇಳುವುದಿಲ್ಲ.

ಇಷ್ಟು ಹೇಳಿದ ಮೇಲೂ ಪಾದ್ರೆ ಪಿಯೊ ಅವರ ವಿಷಯದಲ್ಲಿ ಬಾಗಿಲು ಅಷ್ಟು ಸುಲಭಕ್ಕೆ ಮುಚ್ಚುವುದಿಲ್ಲ. ದಕ್ಷಿಣ ಇಟಲಿಯ ಬಡ ರೈತರ ಮಗ. ಕಪುಚಿನ್ ಎಂಬ ಸನ್ಯಾಸಿಗಳ ಸಭೆಯ ಗುರು. 1918ರ ಸೆಪ್ಟೆಂಬರ್ 20ರಂದು ಸಾನ್ ಜೊವಾನ್ನಿ ರೊತೊಂದೊ ಎಂಬ ಊರಿನ ಮಠದಲ್ಲಿ ಪ್ರಾರ್ಥನೆ ಮಾಡುತ್ತಿದ್ದಾಗ ಗಾಯಗಳು ಮೂಡಿದವು ಎಂದು ತನ್ನ ಆತ್ಮಿಕ ಗುರುವಿಗೆ ಪತ್ರ ಬರೆದರು. ಅದರಲ್ಲಿ ಹೆಮ್ಮೆ ಇಲ್ಲ, ನಾಚಿಕೆ ಇದೆ. ನೋವು ಇರಲಿ, ಈ ಹೊರಗಿನ ಗುರುತು ಮಾತ್ರ ಬೇಡ ಎಂದು ಬೇಡಿಕೊಳ್ಳುತ್ತೇನೆ ಎಂಬ ಅರ್ಥದ ಮಾತಿದೆ. ಐವತ್ತು ವರ್ಷ ಅವರು ಬೆರಳಿಲ್ಲದ ಉಣ್ಣೆಯ ಕೈಗವಸು ಹಾಕಿಕೊಂಡೇ ಬದುಕಿದರು. ಚರ್ಚಿನ ಬಲಿಪೂಜೆಯ (ಮಾಸ್) ಹೊತ್ತಿನಲ್ಲಿ ಮಾತ್ರ ತೆಗೆಯುತ್ತಿದ್ದರು.

ಡಾಕ್ಟರುಗಳು ಬಂದರು. ಒಬ್ಬೊಬ್ಬರದು ಒಂದೊಂದು ಮಾತು. ರೊಮಾನೆಲ್ಲಿ, ಫೆಸ್ತಾ ಎಂಬ ವೈದ್ಯರು ಇದನ್ನು ವಿಜ್ಞಾನದಿಂದ ವಿವರಿಸಲಾಗದು ಎಂದರು. ರೋಮಿನ ಪ್ರೊಫೆಸರ್ ಬಿನ್ಯಾಮಿ, ಚರ್ಮದ ಕಾಯಿಲೆಯಾಗಿ ಶುರುವಾದದ್ದನ್ನು ಮನಸ್ಸಿನ ಪ್ರಭಾವ ಮತ್ತು ಅಯೋಡಿನ್ ಹಚ್ಚುವ ಅಭ್ಯಾಸ ಉಳಿಸಿಕೊಂಡಿವೆ ಎಂದರು. 1920ರಲ್ಲಿ ಅಗೊಸ್ತಿನೊ ಜೆಮೆಲ್ಲಿ ಬಂದರು. ಅವರು ವೈದ್ಯರೂ ಹೌದು, ಫ್ರಾನ್ಸಿಸ್ಕನ್ ಸನ್ಯಾಸಿಯೂ ಹೌದು. ಲಿಖಿತ ಅನುಮತಿ ಇಲ್ಲದೆ ಗಾಯ ತೋರಿಸಲು ಪಿಯೊ ಒಪ್ಪಲಿಲ್ಲ. ಜೆಮೆಲ್ಲಿ ಕೊನೆವರೆಗೂ ಅವರನ್ನು ನಂಬಲಿಲ್ಲ. 1923ರಲ್ಲಿ ವ್ಯಾಟಿಕನ್, ಇಲ್ಲಿ ನಡೆಯುತ್ತಿರುವುದು ದೈವಿಕ ಎಂದು ಸಾಬೀತಾಗಿಲ್ಲ ಎಂದು ಪ್ರಕಟಿಸಿತು. 1931ರಿಂದ ಎರಡು ವರ್ಷ ಅವರು ಜನರ ಮುಂದೆ ಪೂಜೆ ಮಾಡುವುದನ್ನೇ ನಿಲ್ಲಿಸಿತು. 2007ರಲ್ಲಿ ಇತಿಹಾಸಕಾರ ಸೆರ್ಜಿಯೊ ಲುಝಾಟ್ಟೊ ಹಳೆಯ ಕಡತಗಳಿಂದ ಇನ್ನೊಂದು ಸಂಗತಿ ತೆಗೆದರು. 1919ರಲ್ಲಿ ಪಿಯೊ ಒಬ್ಬ ಔಷಧಿ ಅಂಗಡಿಯವರಿಂದ ಗುಟ್ಟಾಗಿ ಕಾರ್ಬಾಲಿಕ್ ಆಸಿಡ್ ತರಿಸಲು ಕೇಳಿದ್ದರಂತೆ. ಇಂಜೆಕ್ಷನ್ ಸಿರಿಂಜ್ ಶುದ್ಧ ಮಾಡಲು ಎನ್ನುತ್ತಾರೆ ಅವರ ಪರ ಇರುವವರು. ಅದು ಚರ್ಮ ಸುಡುವ ಆಸಿಡ್ ಕೂಡ ಹೌದು.

1968ರ ಸೆಪ್ಟೆಂಬರ್ 23ರಂದು ಪಿಯೊ ತೀರಿಕೊಂಡರು. ಆಗ ಮೈಮೇಲೆ ಗಾಯವಿರಲಿಲ್ಲ, ಕಲೆಯೂ ಇರಲಿಲ್ಲ ಎಂದು ನೋಡಿದವರು ದಾಖಲಿಸಿದ್ದಾರೆ. ನಂಬುವವರಿಗೆ ಇದು ಪವಾಡದ ಮೇಲೆ ಪವಾಡ. ನಂಬದವರಿಗೆ, ಕೈಲಾಗದ ಮುದುಕ ಗಾಯ ಮಾಡಿಕೊಳ್ಳುವುದನ್ನು ನಿಲ್ಲಿಸಿದ್ದಕ್ಕೆ ಸಾಕ್ಷಿ. ಒಂದೇ ಸಂಗತಿ, ಎರಡು ಕಡೆಯವರಿಗೂ ಒದಗುತ್ತದೆ. 2002ರಲ್ಲಿ ಪಿಯೊ ಅವರನ್ನು ಪೋಪ್ ಎರಡನೇ ಜಾನ್ ಪಾಲ್ ಸಂತರೆಂದು ಘೋಷಿಸಿದರು. ಆದರೆ ಅದಕ್ಕೆ ಪವಾಡವೆಂದು ತೆಗೆದುಕೊಂಡದ್ದು ಕಾಯಿಲೆ ವಾಸಿಯಾದ ಪ್ರಕರಣವನ್ನು, ಕೈಯ ಗಾಯವನ್ನಲ್ಲ. ಒಬ್ಬರು ಸಂತರಾಗುವುದು ಬೇರೆ, ಅವರ ಗಾಯ ದೇವರು ಕೊಟ್ಟದ್ದು ಎಂದು ತೀರ್ಪು ಕೊಡುವುದು ಬೇರೆ. ಈ ವ್ಯತ್ಯಾಸ ನಮ್ಮ ಜನರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ ಎಂಬುದು ನನ್ನ ಬೇಸರ.

ಈಗ ಆ ಪಟಕ್ಕೆ ಬರೋಣ. ರೋಮನ್ನರು ಮೊಳೆ ಹೊಡೆಯುತ್ತಿದ್ದುದು ಅಂಗೈಗಲ್ಲ, ಮಣಿಕಟ್ಟಿನ ಹತ್ತಿರ ಎಂದು ಅನೇಕ ತಜ್ಞರು ಹೇಳುತ್ತಾರೆ. ಅಂಗೈಯ ಮಾಂಸ ಮೈಭಾರ ತಡೆಯದೆ ಹರಿದುಹೋಗುತ್ತದೆ ಎಂಬುದು ಅವರ ವಾದ. ಇದನ್ನು ಒಪ್ಪದವರೂ ಇದ್ದಾರೆ. 1968ರಲ್ಲಿ ಜೆರುಸಲೇಮಿನ ಹತ್ತಿರ ಶಿಲುಬೆಗೇರಿಸಿದವನೊಬ್ಬನ ಎಲುಬು ಸಿಕ್ಕಿತು. ಹಿಮ್ಮಡಿಯ ಎಲುಬಿನಲ್ಲಿ ಸುಮಾರು ಹನ್ನೊಂದೂವರೆ ಸೆಂಟಿಮೀಟರಿನ ಮೊಳೆ ಇನ್ನೂ ಸಿಕ್ಕಿಕೊಂಡಿತ್ತು. ಕೈಯ ವಿಷಯ ಅದರಿಂದ ಇತ್ಯರ್ಥವಾಗಲಿಲ್ಲ. ಸುವಾರ್ತೆಯ ಗ್ರೀಕ್ ಪದವೂ ಸಹಾಯಕ್ಕೆ ಬರುವುದಿಲ್ಲ. ಕನ್ನಡದಲ್ಲಿ ಅಂಗೈಗೂ 'ಕೈ', ಮುರಿದ ಮುಂಗೈಗೂ 'ಕೈ' ಅನ್ನುತ್ತೇವಲ್ಲ, ಹಾಗೆಯೇ ಅದು.

ಆದರೆ ಪಂಚಗಾಯ ಮೂಡಿದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಗಾಯ ಬಂದದ್ದು ಅಂಗೈ ನಡುವೆ. ಪಟದಲ್ಲಿ ಎಲ್ಲಿದೆಯೋ ಅಲ್ಲಿ. ಪಕ್ಕೆಯ ಗಾಯ ಕೆಲವರಿಗೆ ಎಡಕ್ಕೆ, ಕೆಲವರಿಗೆ ಬಲಕ್ಕೆ. ಜರ್ಮನಿಯ ಸನ್ಯಾಸಿನಿ ಆನ್ ಕ್ಯಾಥರೀನ್ ಎಮರಿಕ್ ಅವರ ಎದೆಯ ಮೇಲೆ ಮೂಡಿದ್ದು ಕವೆಗೋಲಿನ ಆಕಾರದ ಶಿಲುಬೆ. ಅವರು ಪ್ರಾರ್ಥನೆಗೆ ಹೋಗುತ್ತಿದ್ದ ಕೋಸ್ಫೆಲ್ಡ್ ಚರ್ಚಿನ ಶಿಲುಬೆಯೂ ಅದೇ ಆಕಾರದ್ದು. ಇಟಲಿಯ ಜೆಮ್ಮಾ ಗಲ್ಗಾನಿ 1899ರಲ್ಲಿ ಪಂಚಗಾಯ ಪಡೆದವರು, ಇಪ್ಪತ್ತೈದು ತುಂಬಿದ ಸ್ವಲ್ಪ ದಿನಕ್ಕೇ ಹೋದವರು. ಅವರ ಮೈಮೇಲಿನ ಗಾಯಗಳು ಅವರು ದಿನವೂ ನೋಡುತ್ತಿದ್ದ ದೊಡ್ಡ ಶಿಲುಬೆಯ ಮೇಲಿನ ಗಾಯಗಳನ್ನೇ ಹೋಲುತ್ತಿದ್ದವು. ಇದನ್ನು ಗಮನಿಸಿ ಬರೆದವರು ಹರ್ಬರ್ಟ್ ಥರ್ಸ್ಟನ್, ಒಬ್ಬ ಜೆಸ್ವಿಟ್ ಪಾದ್ರಿ.

ನನ್ನ ಪ್ರಕಾರ ಇಡೀ ರಹಸ್ಯದ ಬೀಗದ ಕೈ ಇಲ್ಲೇ ಇದೆ. ಗಾಯ ಬರುವುದು ಚರಿತ್ರೆಯ ಶಿಲುಬೆಯಿಂದಲ್ಲ, ಆ ವ್ಯಕ್ತಿ ನೋಡಿ ನೋಡಿ ಮನಸ್ಸಿಗೆ ಇಳಿಸಿಕೊಂಡ ಶಿಲುಬೆಯಿಂದ. ಪಟ ಬದಲಾಗುವವರೆಗೆ ಗಾಯವೂ ಇರಲಿಲ್ಲ. ಪೂರ್ವದ ಆರ್ಥೊಡಾಕ್ಸ್ ಸಭೆಗಳ ಸಂತರಲ್ಲಿ ಪಂಚಗಾಯ ಇಲ್ಲವೆನ್ನುವಷ್ಟು ಕಡಿಮೆ. ಅವರ ಚಿತ್ರಗಳಲ್ಲಿ ಒತ್ತು ಬೇರೆ ಕಡೆ ಇದೆ. 1894ರಲ್ಲಿ ಫ್ರಾನ್ಸಿನ ವೈದ್ಯ ಎಂಬೆರ್ ಗೂರ್ಬೇರ್ ಎಲ್ಲಾ ಪ್ರಕರಣಗಳನ್ನು ಲೆಕ್ಕ ಹಾಕಿ 321 ಎಂದರು. ಅದರಲ್ಲಿ ಗಂಡಸರು 41 ಮಾತ್ರ. ಪೀಠದ ಮೇಲೆ ನಿಂತು ಮಾತಾಡಲು ಅವಕಾಶವಿಲ್ಲದ ಹೆಂಗಸರಿಗೆ ಮೈಯೇ ಮಾತಾಯಿತೇ ಎಂದು ಕೇಳಬೇಕಾಗುತ್ತದೆ. ಮೈಯನ್ನೇ ಭಕ್ತಿಯ ಜಾಗ ಮಾಡಿಕೊಂಡ ಅಕ್ಕಮಹಾದೇವಿ ಹುಟ್ಟಿದ ಉಡುತಡಿ ಇಲ್ಲೇ ಶಿಕಾರಿಪುರ ತಾಲೂಕಿನಲ್ಲಿದೆ. ಈ ಪ್ರಶ್ನೆ ನಮಗೆ ಹೊಸದೇನಲ್ಲ.

ಮನಸ್ಸಿನ ಚಿತ್ರ ಮೈಮೇಲೆ ಬರಲು ಸಾಧ್ಯವಾ? ಸ್ವಲ್ಪ ಮಟ್ಟಿಗೆ ಸಾಧ್ಯ ಎನ್ನುವ ಸೂಚನೆಗಳಿವೆ. 1955ರಲ್ಲಿ ಗಾರ್ಡ್ನರ್ ಮತ್ತು ಡೈಮಂಡ್ ಎಂಬ ವೈದ್ಯರು ಒಂದು ಕಾಯಿಲೆ ಗುರುತಿಸಿದರು. ಪೆಟ್ಟು ಬೀಳದೆಯೂ ಚರ್ಮದಡಿ ರಕ್ತ ಕಟ್ಟಿ, ನೋಯುವ ನೀಲಿ ಕಲೆಗಳು ಏಳುತ್ತವೆ. ಹೆಂಗಸರಲ್ಲೇ ಜಾಸ್ತಿ. ಮನಸ್ಸಿನ ಒತ್ತಡದ ಬೆನ್ನಿಗೇ ಬರುವುದೂ ಜಾಸ್ತಿ. ಇನ್ನೊಂದು, ರಕ್ತ ಬೆವರುವುದು. ಯೇಸುವಿನ ಬೆವರು ರಕ್ತದ ಹನಿಗಳಂತೆ ಬಿತ್ತು ಎಂದು ಲೂಕನ ಸುವಾರ್ತೆಯಲ್ಲಿದೆ. 2017ರಲ್ಲಿ ಕೆನಡಾದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇಟಲಿಯ 21 ವರ್ಷದ ಹುಡುಗಿಯ ವಿವರ ಬಂತು. ಮೂರು ವರ್ಷದಿಂದ ಅವಳ ಮುಖ ಮತ್ತು ಅಂಗೈಯಿಂದ ರಕ್ತ ಬರುತ್ತಿತ್ತು, ಗಾಯವೇ ಇಲ್ಲದೆ. ನಾಚಿಕೆಯಿಂದ ಅವಳು ಜನರ ನಡುವೆ ಹೋಗುವುದನ್ನೇ ಬಿಟ್ಟಿದ್ದಳು. ಬಿಪಿಗೆ ಕೊಡುವ ಪ್ರೊಪ್ರನೊಲಾಲ್ ಎಂಬ ಮಾತ್ರೆ ಕೊಟ್ಟರು. ಪೂರ್ತಿ ನಿಲ್ಲಲಿಲ್ಲ, ತುಂಬಾ ಕಡಿಮೆಯಾಯಿತು. ಹೀಗೆಂದು ಎಲ್ಲಾ ಪಂಚಗಾಯವೂ ಇದೇ ಕಾಯಿಲೆ ಎಂದು ಹೇಳಲಾಗದು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಉಳಿಯುವ ಆಳದ ಗಾಯಕ್ಕೆ ಇವು ಸಾಲುವುದಿಲ್ಲ. ಆದರೆ ಪವಾಡ, ಮೋಸ ಎಂಬ ಎರಡೇ ದಾರಿ ಇರುವುದು ಎಂಬ ಮಾತು ಇಲ್ಲಿಗೆ ಮುರಿದುಬೀಳುತ್ತದೆ.

ಆಡಿಕೃತ್ತಿಕೆಗೆ ಶಿವಮೊಗ್ಗದ ಗುಡ್ಡೇಕಲ್‌ನಲ್ಲಿ ಕಾವಡಿ ಹೊತ್ತು, ಕೆನ್ನೆಗೆ ಶೂಲ ಚುಚ್ಚಿಕೊಂಡು ಬರುವವರನ್ನು ನಾವು ಮೋಸಗಾರರು ಅನ್ನುತ್ತೇವಾ? ಇಲ್ಲ. ಅದು ಹರಕೆ, ಎಲ್ಲರ ಎದುರೇ ಚುಚ್ಚಿಸಿಕೊಳ್ಳುತ್ತಾರೆ. ಪಂಚಗಾಯದಲ್ಲಿ ತೊಡಕಾಗುವುದು ರಕ್ತದಿಂದಲ್ಲ, 'ಇದನ್ನು ನಾನು ಮಾಡಿಕೊಂಡಿಲ್ಲ' ಎಂಬ ಮಾತಿನಿಂದ.

ಇದೆಲ್ಲ ಯುರೋಪಿನ ಕತೆ ಎಂದುಕೊಳ್ಳಬೇಡಿ. ಭದ್ರಾವತಿಯಲ್ಲಿ 2007ರಿಂದ ಸಿರೋ ಮಲಬಾರ್ ಧರ್ಮಪ್ರಾಂತ್ಯವಿದೆ. ಕೇರಳದಿಂದ ಬಂದು ಮಲೆನಾಡಿನಲ್ಲಿ ನೆಲೆ ನಿಂತ ಕುಟುಂಬಗಳ ಸಭೆ ಅದು. ಅದೇ ಸಭೆಯ ಮರಿಯಂ ತ್ರೇಸ್ಯಾ ತ್ರಿಶೂರು ಕಡೆಯ ಪುತ್ತನ್‌ಚಿರದವರು. 1876ರಿಂದ 1926ರವರೆಗೆ ಬದುಕಿದ್ದರು. ಕಾಯಿಲೆಯವರ ಮನೆಗಳಿಗೆ ಹುಡುಕಿಕೊಂಡು ಹೋಗಿ ಸೇವೆ ಮಾಡಿದರು, 1914ರಲ್ಲಿ ಪವಿತ್ರ ಕುಟುಂಬದ ಸನ್ಯಾಸಿನಿಯರ ಸಭೆ ಕಟ್ಟಿದರು. ಅವರಿಗೂ ಪಂಚಗಾಯ ಮೂಡಿತ್ತು ಎನ್ನುತ್ತಾರೆ. ಅವರೂ ಅದನ್ನು ಬಚ್ಚಿಟ್ಟರು. ಇದು ದೆವ್ವದ ಕಾಟ ಇರಬಹುದೇ ಎಂದು ಅವರ ಮೇಲೆ ದೆವ್ವ ಬಿಡಿಸುವ ಪ್ರಾರ್ಥನೆಯನ್ನೂ ಮಾಡಿಸಿದ್ದರು. 2019ರ ಅಕ್ಟೋಬರ್ 13ರಂದು ಮರಿಯಂ ತ್ರೇಸ್ಯಾ ಅವರನ್ನು ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದರು.

ಈಗ ವ್ಯಾಟಿಕನ್ ಏನು ಹೇಳುತ್ತದೆ? 2024ರ ಮೇ 17ರಂದು ಹೊಸ ನಿಯಮ ಬಂತು. 1978ರ ಹಳೆಯದು ಹೋಯಿತು. ದರ್ಶನ, ಅಳುವ ಮೂರ್ತಿ, ಮೈಮೇಲೆ ಕಾಣುವ ವಿಚಿತ್ರ, ಎಲ್ಲಕ್ಕೂ ಇದು ಅನ್ವಯ. ಸ್ಥಳೀಯ ಬಿಷಪ್ ತನಿಖೆ ಮಾಡಬೇಕು, ತಜ್ಞರನ್ನು ಕೇಳಬೇಕು, ಪ್ರಕಟಿಸುವ ಮೊದಲು ರೋಮಿನ ಒಪ್ಪಿಗೆ ಪಡೆಯಬೇಕು. ಆರು ಬಗೆಯ ತೀರ್ಮಾನಗಳಿವೆ. ಅದರಲ್ಲಿ ಅತ್ಯಂತ ಒಳ್ಳೆಯದು ಕೂಡ 'ಇದು ದೇವರ ಪವಾಡ' ಎನ್ನುವುದಿಲ್ಲ, 'ಇದಕ್ಕೆ ಅಡ್ಡಿಯಿಲ್ಲ' ಎನ್ನುತ್ತದೆ ಅಷ್ಟೇ. ದುಡ್ಡು ಮಾಡುವ ಉದ್ದೇಶ, ಮನಸ್ಸಿನ ಅಸ್ವಸ್ಥತೆ ಇದೆಯಾ ಎಂದು ನೋಡಬೇಕು. ಇಂಥ ಅನುಭವವನ್ನು ತೋರಿಸಿ ಜನರನ್ನು ಹಿಡಿತದಲ್ಲಿಟ್ಟುಕೊಂಡರೆ ಅದನ್ನು ವಿಶೇಷವಾಗಿ ಗಂಭೀರ ತಪ್ಪು ಎಂದು ಎಣಿಸಬೇಕು. ಅಂದರೆ ನಾಳೆ ನಮ್ಮ ಶಿವಮೊಗ್ಗ ಧರ್ಮಪ್ರಾಂತ್ಯದ ಯಾವುದೋ ಎಸ್ಟೇಟ್ ಲೈನಿನಲ್ಲಿ ಒಬ್ಬ ಹುಡುಗಿಯ ಅಂಗೈಯಲ್ಲಿ ರಕ್ತ ಬಂದರೂ ದಾರಿ ಇದೇ. ಮೊದಲು ಫಾದರ್, ಆಮೇಲೆ ಡಾಕ್ಟರ್, ಬಿಷಪ್, ರೋಮ್. ನನ್ನನ್ನು ಕೇಳಿದರೆ ಮೊದಲೆರಡನ್ನು ಅದಲುಬದಲು ಮಾಡುತ್ತೇನೆ.

ಇಷ್ಟನ್ನು ಬಾಯಮ್ಮನಿಗೆ ಎರಡು ಮೂರು ಸಂಜೆಗಳಲ್ಲಿ ಬಿಡಿಸಿ ಬಿಡಿಸಿ ಹೇಳಿದೆ. ಅಡಿಕೆ ಸುಲಿಯುತ್ತಾ ಕೇಳಿದರು. ಚೊಗರು ಹತ್ತಿ ಕಪ್ಪಾದ ಅವರ ಬೆರಳು ನಿಲ್ಲಲಿಲ್ಲ. ಪಿಯೊ ಅವರ ಮೇಲಿನ ಭಕ್ತಿ ಕಡಿಮೆಯಾಗಲಿಲ್ಲ, ಆಗಬೇಕೆಂದು ನಾನೂ ಬಯಸಿರಲಿಲ್ಲ. ಕೊನೆಗೆ, "ಆ ವಿಡಿಯೋ ಇನ್ನೊಂದು ಸಲ ಹಾಕು" ಎಂದರು. ಇಬ್ಬರೂ ಮತ್ತೆ ನೋಡಿದೆವು. ಹುಡುಗಿಯ ಸುತ್ತ ಏಳೆಂಟು ಕೈಗಳು ಕಾಣುತ್ತವೆ. ಎಲ್ಲದರಲ್ಲೂ ಫೋನ್ ಇದೆ. ಒಂದರಲ್ಲೂ ಒಂದು ಚೂರು ಬಟ್ಟೆ ಇಲ್ಲ.